ನೆರೆನೀರಿನ ಅಂಚಿನಲ್ಲಿ ನಿಂತಾಗ: ನಡೆಯುವವರಿಗೂ ಗಾಡಿ ಓಡಿಸುವವರಿಗೂ ಸಮಗ್ರ ಮಾರ್ಗದರ್ಶಿ

ಮಳೆ ನಿಂತು ಅರ್ಧ ಗಂಟೆಯಾಗಿತ್ತು. ರಸ್ತೆಯ ಮೇಲೆ ಮೀನಖಂಡದವರೆಗೆ ರಾಡಿ ನೀರು. ಹರಿವು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ದಿನಾ ಓಡಾಡುವ ದಾರಿ ಎಂಬ ಧೈರ್ಯದಿಂದ ಪ್ಯಾಂಟು ಮಡಚಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಟೆ. ಎಂಟನೆಯದೋ ಒಂಬತ್ತನೆಯದೋ ಹೆಜ್ಜೆಗೆ ಬಲಗಾಲಿನ ಕೆಳಗೆ ನೆಲವೇ ಸಿಗಲಿಲ್ಲ. ಚರಂಡಿಯ ಮೇಲಿನ ಚಪ್ಪಡಿಯೊಂದು ಸರಿದುಹೋಗಿತ್ತು. ಕಾಲು ತೊಡೆಯವರೆಗೆ ಇಳಿಯಿತು. ಮೇಲೆ ಸುಮ್ಮನೆ ನಿಂತಂತಿದ್ದ ನೀರು ಒಳಗೆ ಓಡುತ್ತಿತ್ತು, ನನ್ನ ಕಾಲನ್ನು ಪಕ್ಕದ ಚಪ್ಪಡಿಯ ಅಡಿಗೆ ಎಳೆಯುತ್ತಿತ್ತು. ಹಿಂದೆ ಬರುತ್ತಿದ್ದವರೊಬ್ಬರು ಹೆಗಲಿನ ಚೀಲ ಹಿಡಿದು ಎಳೆದರು, ನಾನು ಹೊರಗೆ ಬಂದೆ. ಆ ಎಳೆತ ಇಂದಿಗೂ ನನ್ನ ಕಾಲಿಗೆ ನೆನಪಿದೆ.

ಅಂದು ಕಲಿತದ್ದು ಇಷ್ಟು: ನೀರು ತನ್ನ ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ. ಅದರ ಆಳ, ಅದರ ಸೆಳೆತ, ಅದರ ಅಡಿಯಲ್ಲಿರುವ ನೆಲ ಈ ಮೂರೂ ಗೊತ್ತಿದ್ದರೆ ಇಳಿಯುವ ಮಾತು. ಮೂರರಲ್ಲಿ ಒಂದು ಗೊತ್ತಿಲ್ಲದಿದ್ದರೂ ಹಿಂದಿರುಗುವುದೇ ದಾರಿ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿವರಣೆ.

ಮೊದಲ ಹೆಜ್ಜೆ: ತೀರ್ಮಾನವನ್ನು ಮನೆಯಲ್ಲೇ ಮಾಡಿ

ನೀರಿನ ಅಂಚಿಗೆ ಬಂದು ನಿಂತ ಮೇಲೆ ಮಾಡುವ ತೀರ್ಮಾನ ಸಾಮಾನ್ಯವಾಗಿ ಕೆಟ್ಟದ್ದೇ ಆಗಿರುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ಗಾಡಿಯಲ್ಲಿ ಮಕ್ಕಳು ಹಸಿದಿರುತ್ತಾರೆ. ಮನೆ ಇನ್ನು ಎರಡೇ ಕಿಲೋಮೀಟರ್ ಇರುತ್ತದೆ. ಕಣ್ಣೆದುರೇ ಒಂದು ಲಾರಿ ದಾಟಿಹೋಗಿರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಂಥ ಗಳಿಗೆಗಾಗಿಯೇ ಹುಟ್ಟಿದಂತಿದೆ. ಆದ್ದರಿಂದ ಹೊರಡುವ ಮುನ್ನವೇ ಮನೆಯವರೊಂದಿಗೆ ಮಾತನಾಡಿಕೊಳ್ಳಿ: ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ನಾವು ದಾಟುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತೇವೆ ಅಥವಾ ಹಿಂದಿರುಗುತ್ತೇವೆ. ಮೊದಲೇ ಆಡಿಕೊಂಡ ಮಾತಿದ್ದರೆ ಅಂಚಿನಲ್ಲಿ ವಾದಕ್ಕೆ ಜಾಗವಿರುವುದಿಲ್ಲ.

ಹವಾಮಾನದ ಎಚ್ಚರಿಕೆ ನೋಡುವಾಗ ನೀವಿರುವ ಜಾಗದ ಮಳೆಯನ್ನಷ್ಟೇ ನೋಡಿದರೆ ಸಾಲದು. ಹಳ್ಳಕ್ಕೆ ನೀರು ಬರುವುದು ಮೇಲಿನಿಂದ. ನಿಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಮೇಲ್ಭಾಗದಲ್ಲಿ ಸುರಿದ ಮಳೆ ಗಂಟೆಗಳ ನಂತರ ನಿಮ್ಮ ದಾರಿಗೆ ಅಡ್ಡ ಬರಬಹುದು. ದಾರಿಯಲ್ಲಿರುವ ತಗ್ಗು ಜಾಗಗಳು, ಮುಳುಗು ಸೇತುವೆಗಳು, ಅಂಡರ್‌ಪಾಸ್‌ಗಳು ಎಲ್ಲೆಲ್ಲಿವೆ ಎಂದು ನೆನಪು ಮಾಡಿಕೊಂಡು ಎತ್ತರದ ಇನ್ನೊಂದು ದಾರಿಯನ್ನು ಗುರುತಿಸಿಟ್ಟುಕೊಳ್ಳಿ. ಮೊಬೈಲ್ ಚಾರ್ಜ್ ಇರಲಿ. ಕಾರಿನಲ್ಲಿ ಗಾಜು ಒಡೆಯುವ ಚಿಕ್ಕ ಸುತ್ತಿಗೆ ಇರಲಿ. ಅದು ಡಿಕ್ಕಿಯಲ್ಲಿದ್ದರೆ ಪ್ರಯೋಜನವಿಲ್ಲ, ಸೀಟಿನಲ್ಲಿ ಕುಳಿತಂತೆಯೇ ಕೈಗೆ ಸಿಗಬೇಕು. ರಾತ್ರಿ ಪ್ರಯಾಣವನ್ನು ಬೆಳಗಿಗೆ ಮುಂದೂಡಿ. ಕತ್ತಲಲ್ಲಿ ಹೆಡ್‌ಲೈಟ್ ಬೆಳಕಿಗೆ ಒದ್ದೆ ಡಾಂಬರು ಮತ್ತು ನಿಂತ ನೀರು ಒಂದೇ ತರಹ ಮಿನುಗುತ್ತವೆ. ಗುರುತು ಸಿಗುವಷ್ಟರಲ್ಲಿ ಮುಂದಿನ ಚಕ್ರ ಇಳಿದಿರುತ್ತದೆ.

ಎರಡನೆಯ ಹೆಜ್ಜೆ: ನೀರಿನ ಬಲವನ್ನು ಲೆಕ್ಕದಲ್ಲಿ ಅರಿಯಿರಿ

ಹೆದರಿಸಿದರೆ ಆ ಹೆದರಿಕೆ ಒಂದು ದಿನ ಉಳಿಯುತ್ತದೆ, ಲೆಕ್ಕ ಗೊತ್ತಾದರೆ ಕೊನೆಯವರೆಗೆ ಉಳಿಯುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ. ಈ ತೂಕ ಚಲಿಸತೊಡಗಿದಾಗ ಅದರ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವೇಗ ಎರಡು ಪಟ್ಟಾದರೆ ತಳ್ಳುವಿಕೆ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮೊಣಕಾಲಿನವರೆಗೆ ನೀರಿನಲ್ಲಿ ನಿಂತ ವಯಸ್ಕರೊಬ್ಬರ ಎರಡು ಕಾಲುಗಳ ಮೇಲೆ ಸೆಕೆಂಡಿಗೆ 1 ಮೀಟರ್ ವೇಗದ ನೀರು ಹಾಕುವ ಒತ್ತಡ ಸುಮಾರು 7ರಿಂದ 8 ಕಿಲೋ ತೂಕಕ್ಕೆ ಸಮ. ಅದನ್ನು ತಡೆದುಕೊಳ್ಳಬಹುದು. ವೇಗ 2 ಮೀಟರ್ ಆದರೆ ಅದು ಸುಮಾರು 30 ಕಿಲೋ ಆಗುತ್ತದೆ. 3 ಮೀಟರ್ ಆದರೆ 65 ಕಿಲೋ ದಾಟುತ್ತದೆ, ಅಂದರೆ ನಿಮ್ಮಷ್ಟೇ ತೂಕದ ಇನ್ನೊಬ್ಬರು ನಿಮ್ಮ ಮೊಣಕಾಲಿಗೆ ಒರಗಿ ಬಿಡದೆ ನೂಕುತ್ತಿರುವಂತೆ. ಅದೇ ಹೊತ್ತಿಗೆ ನೀರು ನಿಮ್ಮನ್ನು ಮೇಲಕ್ಕೂ ಎತ್ತುತ್ತಿರುತ್ತದೆ, ಪಾದಕ್ಕೆ ನೆಲದ ಹಿಡಿತ ಕಡಿಮೆಯಾಗುತ್ತಿರುತ್ತದೆ. ವೇಗವಾಗಿ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ವಯಸ್ಕರನ್ನು ಬೀಳಿಸಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಎಚ್ಚರಿಸುವುದು ಇದೇ ಕಾರಣಕ್ಕೆ. 15 ಸೆಂಟಿಮೀಟರ್ ಅಂದರೆ ಒಂದು ಗೇಣೂ ಇಲ್ಲ.

ವೇಗ ತಿಳಿಯಲು ಯಾವ ಸಾಧನವೂ ಬೇಕಿಲ್ಲ. ದಡದಲ್ಲಿ ನಿಂತು ಒಂದು ಕಡ್ಡಿಯನ್ನು ನೀರಿನ ನಡುವಿಗೆ ಎಸೆಯಿರಿ, ಅದರ ಜೊತೆಯಲ್ಲೇ ದಡದ ಮೇಲೆ ನಡೆಯಿರಿ. ಮಾಮೂಲಿ ನಡಿಗೆಯಲ್ಲಿ ಕಡ್ಡಿಗೆ ಸರಿಸಾಟಿಯಾಗಿ ಹೋಗಲು ಆಗದಿದ್ದರೆ ಆ ನೀರಿಗೆ ಇಳಿಯುವ ಯೋಚನೆಯನ್ನೇ ಬಿಡಿ.

ಗಾಡಿ ಕೋಟೆಯಲ್ಲ, ಅದು ದೋಣಿ

ಕಾರಿನೊಳಗೆ ಕುಳಿತವರಿಗೆ ಸುತ್ತ ಉಕ್ಕಿನ ಗೋಡೆಯಿದೆ ಎಂಬ ಭಾವನೆ ಬರುತ್ತದೆ. ಆ ಉಕ್ಕಿನ ಡಬ್ಬಿಯೊಳಗೆ ತುಂಬಿರುವುದು ಗಾಳಿ. ಕಾರಿನ ತಳ 4 ಮೀಟರ್ ಉದ್ದ, 1.6 ಮೀಟರ್ ಅಗಲ ಎಂದುಕೊಳ್ಳಿ. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ ಒಂದು ಸೆಂಟಿಮೀಟರಿಗೆ ಕಾರಿನ ತೂಕದಲ್ಲಿ ಸುಮಾರು 64 ಕಿಲೋವನ್ನು ನೀರು ಹೊರುತ್ತದೆ. ಹದಿನಾರು ಸೆಂಟಿಮೀಟರ್ ಏರುವಷ್ಟರಲ್ಲಿ ಒಂದು ಟನ್ ತೂಗುವ ಚಿಕ್ಕ ಕಾರು ಪೂರ್ತಿ ತೇಲುತ್ತದೆ. ನೆಲದಿಂದ ತಳಕ್ಕೆ ಇರುವ ಹದಿನೇಳು ಸೆಂಟಿಮೀಟರ್ ಸೇರಿಸಿದರೆ ಒಟ್ಟು 33. ಚಿಕ್ಕ ಕಾರುಗಳಿಗೆ 30 ಸೆಂಟಿಮೀಟರ್, ದೊಡ್ಡ ಎಸ್‌ಯುವಿಗಳಿಗೂ ಪಿಕಪ್‌ಗಳಿಗೂ 60 ಸೆಂಟಿಮೀಟರ್ ಹರಿಯುವ ನೀರು ಸಾಕು ಎಂಬ ಎಚ್ಚರಿಕೆ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಪೂರ್ತಿ ತೇಲುವ ಮೊದಲೇ ಟೈರಿನ ಹಿಡಿತ ಹೋಗಿರುತ್ತದೆ. ಆಮೇಲೆ ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಒಂದೇ.

ಆಸ್ಟ್ರೇಲಿಯಾದ ಪ್ರವಾಹ ಮಾರ್ಗಸೂಚಿಗಳು ಆಳವನ್ನು ಮೀಟರಿನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ತೆಗೆದುಕೊಂಡು ಎರಡನ್ನೂ ಗುಣಿಸುತ್ತವೆ. ಆ ಗುಣಲಬ್ಧ ಮಕ್ಕಳಿಗೆ 0.4 ದಾಟಬಾರದು, ಚಿಕ್ಕ ಕಾರಿಗೆ 0.3 ದಾಟಬಾರದು. ಇದನ್ನು ಮೊದಲ ಸಲ ಓದಿದಾಗ ನಾನು ಮತ್ತೊಮ್ಮೆ ಓದಿದೆ. ನಡೆಯುವ ಮಗುವಿಗಿಂತ ಮೊದಲು ಕೈಬಿಡುವುದು ಕಾರು. ದ್ವಿಚಕ್ರ ವಾಹನದ ಮಾತಂತೂ ಹೇಳಬೇಕಿಲ್ಲ. ಬೈಕು ಜಾರಿದರೆ ಅದನ್ನು ಉಳಿಸಿಕೊಳ್ಳಲು ಹ್ಯಾಂಡಲ್ ಹಿಡಿದು ನಿಲ್ಲಬೇಡಿ. ಕೈ ಬಿಟ್ಟು ಹಿಂದಕ್ಕೆ ಬನ್ನಿ. ಗಾಡಿ ಮತ್ತೆ ಕೊಳ್ಳಬಹುದು.

ಮುಂದಿನ ಗಾಡಿ ದಾಟಿದ್ದನ್ನು ಪ್ರಮಾಣವೆಂದು ಒಪ್ಪಬೇಡಿ. ಅದರ ತೂಕ ಬೇರೆ, ಎತ್ತರ ಬೇರೆ. ಅದು ದಾಟಿದ ಐದು ನಿಮಿಷದಲ್ಲಿ ನೀರು ಏರಿರಬಹುದು, ಅದರ ಭಾರಕ್ಕೇ ಅಡಿಯಲ್ಲಿ ಕೊರೆದುಹೋಗಿದ್ದ ರಸ್ತೆ ಕುಸಿದಿರಬಹುದು. ನೀರು ಹರಿದ ರಸ್ತೆಯಲ್ಲಿ ಡಾಂಬರಿನ ತೆಳು ಪದರ ಮಾತ್ರ ಉಳಿದು ಅಡಿಯ ಮಣ್ಣೆಲ್ಲ ಕೊಚ್ಚಿಹೋಗಿರುವುದುಂಟು.

ಅಂಡರ್‌ಪಾಸ್ ಮತ್ತು ನೆಲಮಾಳಿಗೆ

ಇವೆರಡಕ್ಕೂ ವಿನಾಯಿತಿಯೇ ಬೇಡ. 2023ರ ಜುಲೈ 15ರಂದು ದಕ್ಷಿಣ ಕೊರಿಯಾದ ಓಸಾಂಗ್‌ನಲ್ಲಿ ಮಿಹೋ ನದಿಯ ಒಡ್ಡು ಒಡೆದು ಅಂಡರ್‌ಪಾಸಿಗೆ ನೀರು ನುಗ್ಗಿತು. ಬಸ್ಸೊಂದು ಸೇರಿದಂತೆ ಹಲವು ವಾಹನಗಳು ಸಿಕ್ಕಿಕೊಂಡು 14 ಮಂದಿ ಸತ್ತರು. ಅಂಡರ್‌ಪಾಸು ಸುತ್ತಲಿನ ನೀರೆಲ್ಲ ಬಂದು ಸೇರುವ ಬೋಗುಣಿ. ಒಳಗೆ ಹೋದ ಮೇಲೆ ಎರಡೂ ಬದಿಗೆ ಗೋಡೆ, ಎರಡೂ ತುದಿಗೆ ಏರು. ಮಧ್ಯದ ಆಳವನ್ನು ಹೊರಗಿನಿಂದ ಊಹಿಸುವುದು ಅಸಾಧ್ಯ, ಏಕೆಂದರೆ ರಸ್ತೆ ಕೆಳಗಿಳಿಯುತ್ತಿದ್ದರೂ ನೀರಿನ ಮೇಲ್ಮೈ ಮಟ್ಟಸವಾಗಿಯೇ ಕಾಣುತ್ತದೆ.

2024ರ ಅಕ್ಟೋಬರ್ 29ರಂದು ಸ್ಪೇನಿನ ವೆಲೆನ್ಸಿಯಾ ಪ್ರಾಂತ್ಯದಲ್ಲಿ ಬಂದ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರನ್ನು ಮೇಲೆ ತರಲು ಇಳಿದವರೂ ಅವರಲ್ಲಿದ್ದರು. ನೀರು ಇಳಿಜಾರಿನಲ್ಲಿ ಜಲಪಾತದಂತೆ ಒಳನುಗ್ಗುವಾಗ ಅದೇ ಇಳಿಜಾರನ್ನು ಹತ್ತಿ ಹೊರಬರಲು ಆಗುವುದಿಲ್ಲ. ಲಿಫ್ಟ್ ನಿಂತುಹೋಗಿರುತ್ತದೆ. ಹೊರಗಿನಿಂದ ಅರ್ಧ ಮೀಟರ್ ನೀರು ಒತ್ತಿದ ಒಂದು ಮೀಟರ್ ಅಗಲದ ಬಾಗಿಲ ಮೇಲೆ ಸುಮಾರು 125 ಕಿಲೋ ಭಾರ ಬೀಳುತ್ತದೆ. ಕಾರು ಮುಳುಗಲಿ, ನೀವು ಮೆಟ್ಟಿಲು ಹತ್ತಿ ಮೇಲೆ ಹೋಗಿ.

ಮೂರನೆಯ ಹೆಜ್ಜೆ: ಹಿಂದಿರುಗುವ ಕ್ರಮ

ನೀರು ಕಂಡ ಕೂಡಲೇ ಅಂಚಿನಿಂದ ಸಾಕಷ್ಟು ದೂರದಲ್ಲೇ ನಿಲ್ಲಿಸಿ. ಹಜಾರ್ಡ್ ದೀಪ ಹಾಕಿ, ಹಿಂದಿನವರಿಗೆ ಕೈ ಸನ್ನೆ ಮಾಡಿ, ನಿಧಾನವಾಗಿ ತಿರುಗಿಸಿ. ತಿರುಗಿಸಲು ಜಾಗವಿಲ್ಲದಿದ್ದರೆ ಬಂದ ದಾರಿಯಲ್ಲೇ ರಿವರ್ಸ್ ಹೋಗಿ. ಬದಿಯ ಮಣ್ಣಿಗೆ ಚಕ್ರ ಇಳಿಸಬೇಡಿ, ಒದ್ದೆ ಅಂಚು ಕುಸಿಯುತ್ತದೆ. ಅಡ್ಡಗಟ್ಟೆ ಹಾಕಿದ್ದರೆ ಅದನ್ನು ಸರಿಸಿ ಹೋಗುವ ಧೈರ್ಯ ಬೇಡವೇ ಬೇಡ. ಹಿಂದಿರುಗಿದ ಮೇಲೆ ಎತ್ತರದ ಜಾಗದಲ್ಲಿ ನಿಂತು ಮನೆಗೆ ಫೋನ್ ಮಾಡಿ. "ತಡವಾಗುತ್ತದೆ, ಚಿಂತೆ ಬೇಡ" ಎಂಬ ಎರಡು ಮಾತು ಹೇಳಿದರೆ ನಿಮ್ಮ ಆತುರವೂ ಅರ್ಧ ಇಳಿಯುತ್ತದೆ.

ನಿಂತ ನೀರಾಗಿದ್ದರೆ? ಹರಿವು ಎಳ್ಳಷ್ಟೂ ಇಲ್ಲ, ಆಳ ಅರ್ಧ ಗೇಣಿಗಿಂತ ಕಡಿಮೆ, ರಸ್ತೆಯ ಎರಡೂ ಅಂಚುಗಳು ಉದ್ದಕ್ಕೂ ಕಾಣುತ್ತಿವೆ, ಆ ರಸ್ತೆ ನಿಮಗೆ ಚೆನ್ನಾಗಿ ಗೊತ್ತು ಎಂದರೆ ಮಾತ್ರ ಮೊದಲ ಗೇರಿನಲ್ಲಿ, ನಿಲ್ಲಿಸದೆ, ಅಲೆ ಏಳದಷ್ಟು ನಿಧಾನವಾಗಿ ದಾಟಬಹುದು. ಎದುರಿನ ಗಾಡಿ ಪೂರ್ತಿ ಹೊರಬರುವವರೆಗೆ ಕಾಯಿರಿ. ಅದು ಎಬ್ಬಿಸುವ ಅಲೆ ನಿಮ್ಮ ಎಂಜಿನ್ ಗಾಳಿ ಎಳೆಯುವ ಬಾಯಿಯವರೆಗೆ ಏರಬಲ್ಲದು. ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಎರಡು ಮೂರು ಬಾರಿ ಒತ್ತಿ ಒಣಗಿಸಿ.

ನಡೆದು ದಾಟಲೇಬೇಕಾದ ಸಂದರ್ಭ

ಮನೆಯೊಳಗೆ ನೀರು ಏರುತ್ತಿದೆ, ಎತ್ತರದ ಜಾಗ ಹತ್ತಿರವಿದೆ, ಹೊರಡದೆ ಗತಿಯಿಲ್ಲ ಎಂಬಂಥ ಸಂದರ್ಭಕ್ಕೆ ಮಾತ್ರ ಇದನ್ನು ಬರೆಯುತ್ತಿದ್ದೇನೆ. ನೀರು ನೋಡಲು, ಫೋಟೊ ತೆಗೆಯಲು, ಅಂಗಡಿಗೆ ಹೋಗಲು ಇದು ಅನುಮತಿಯಲ್ಲ.

ಮೊದಲು ಸುತ್ತ ವಿದ್ಯುತ್ತನ್ನು ಹುಡುಕಿ. ತುಂಡಾದ ತಂತಿ, ವಾಲಿದ ಕಂಬ, ನೀರು ಮುಟ್ಟಿದ ಟ್ರಾನ್ಸ್‌ಫಾರ್ಮರ್ ಅಥವಾ ಬೀದಿ ದೀಪದ ಪೆಟ್ಟಿಗೆ ಕಂಡರೆ ಆ ಕಡೆ ಹೋಗಬೇಡಿ. ಮಣ್ಣು, ಉಪ್ಪು ಕರಗಿದ ನೆರೆನೀರು ವಿದ್ಯುತ್ತನ್ನು ಸಲೀಸಾಗಿ ಒಯ್ಯುತ್ತದೆ. ಕಾಲಿನಲ್ಲಿ ಜುಮ್ಮೆನ್ನಿಸಿದರೆ ಅಲ್ಲೇ ನಿಲ್ಲಿ, ಪಾದಗಳನ್ನು ಎತ್ತದೆ ಒಂದಕ್ಕೊಂದು ತಾಗಿಸಿಕೊಂಡು ಇಷ್ಟಿಷ್ಟೇ ಜರುಗುತ್ತಾ ಬಂದ ದಿಕ್ಕಿಗೇ ಹಿಂದಿರುಗಿ. ಆಯ ತಪ್ಪಿದಾಗ ಕೈ ತಾನಾಗಿ ಕಂಬದ ಕಡೆ ಹೋಗುತ್ತದೆ. ಕಬ್ಬಿಣದ ಕಂಬ ಮುಟ್ಟಬೇಡಿ ಎಂದು ಮಕ್ಕಳಿಗೆ ಮೊದಲೇ ಹೇಳಿರಿ.

ಬರಿಗಾಲು ಬೇಡ, ಚಪ್ಪಲಿಯೂ ಬೇಡ. ಲೇಸು ಕಟ್ಟಿದ ಶೂ ಎಲ್ಲಕ್ಕಿಂತ ಒಳ್ಳೆಯದು. ಉದ್ದನೆಯ ಗಂಬೂಟಿನೊಳಗೆ ನೀರು ತುಂಬಿದರೆ ಒಂದೊಂದು ಕಾಲೂ ಕಲ್ಲು ಕಟ್ಟಿದಂತಾಗುತ್ತದೆ. ಚೀಲದ ಎದೆಪಟ್ಟಿ ಬಿಚ್ಚಿ ಒಂದೇ ಹೆಗಲಿಗೆ ಹಾಕಿ, ಬೇಕೆಂದಾಗ ಬಿಸಾಡುವಂತಿರಲಿ. ಎದೆಯೆತ್ತರದ ಗಟ್ಟಿ ಕೋಲು ಹಿಡಿಯಿರಿ. ಹೆಜ್ಜೆ ಇಡುವ ಮೊದಲು ಕೋಲು ನೆಲ ಮುಟ್ಟಬೇಕು. ಮುಟ್ಟದಿದ್ದರೆ ಹೆಜ್ಜೆ ಇಲ್ಲ. ಆ ದಿನ ನನ್ನ ಕೈಯಲ್ಲಿ ಚಪ್ಪಲಿಯ ಬದಲು ಕೋಲಿದ್ದಿದ್ದರೆ ಸಾಕಿತ್ತು.

ಹರಿವು ಬರುವ ಕಡೆಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ, ಅಡ್ಡಡ್ಡಲಾಗಿ ಪಾದ ಜಾರಿಸುತ್ತಾ ಹೋಗಿ. ಒಂದು ಕಾಲು ನೆಲೆಯಾಗದೆ ಇನ್ನೊಂದನ್ನು ಎತ್ತಬೇಡಿ. ಕಾಲಿಗೆ ಕಾಲು ಅಡ್ಡ ಹಾಕಬೇಡಿ. ಹಲವರಿದ್ದರೆ ಬಲಶಾಲಿಯಾದವರು ನೀರು ಬರುವ ಕಡೆ ನಿಲ್ಲಲಿ, ಉಳಿದವರು ಅವರ ಹಿಂದೆ ಹರಿವಿನ ದಿಕ್ಕಿನಲ್ಲೇ ಸಾಲಾಗಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳಲಿ. ಹಗ್ಗವನ್ನು ಮಾತ್ರ ಯಾರೂ ಸೊಂಟಕ್ಕೆ ಕಟ್ಟಿಕೊಳ್ಳಬಾರದು. ಬಿದ್ದರೆ ಹಗ್ಗ ಬಿಗಿದು, ನೀರಿನ ಸೆಳೆತ ಅವರನ್ನು ಅಡಿಗೇ ಒತ್ತಿ ಹಿಡಿಯುತ್ತದೆ.

ನೀರಿನ ಮೇಲೆ ಸಣ್ಣ ಸುಳಿ ಕಂಡರೆ ಅಲ್ಲಿ ನೀರು ಕೆಳಗಿಳಿಯುತ್ತಿದೆ. ಬುಗ್ಗೆಯಂತೆ ಉಬ್ಬಿದ್ದರೆ ಕೆಳಗಿನಿಂದ ಮೇಲಕ್ಕೆ ಬರುತ್ತಿದೆ. ಎರಡೂ ಕಡೆ ಬಾಯ್ತೆರೆದ ಮ್ಯಾನ್‌ಹೋಲ್ ಇರಬಹುದು. ಚರಂಡಿಯೊಳಗಿನ ಒತ್ತಡಕ್ಕೆ ಭಾರದ ಮುಚ್ಚಳವೂ ಎದ್ದು ಪಕ್ಕಕ್ಕೆ ಸರಿಯುತ್ತದೆ. ಮೋರಿಯ ಬಾಯಿಯ ಹತ್ತಿರವಂತೂ ಸುಳಿಯಬೇಡಿ, ಅದು ಹೀರಿಕೊಳ್ಳುತ್ತದೆ. ತೇಲಿ ಬರುವ ಕಸದ ರಾಶಿಯಲ್ಲಿ ಹಾವುಗಳೂ ಆಶ್ರಯ ಪಡೆದಿರುತ್ತವೆ.

ಕೊಚ್ಚಿಹೋದರೆ

ಎದ್ದು ನಿಲ್ಲಲು ಹೆಣಗಬೇಡಿ. ಇದು ಸಹಜ ಪ್ರವೃತ್ತಿಗೆ ವಿರುದ್ಧ, ಹಾಗಾಗಿ ಈಗಲೇ ಮನಸ್ಸಿಗೆ ಹಚ್ಚಿಕೊಳ್ಳಬೇಕು. ಹರಿವಿನಲ್ಲಿ ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ನೀರು ಬೆನ್ನ ಮೇಲಿಂದ ಒತ್ತಿ ಮುಳುಗಿಸುತ್ತದೆ. ಬೆನ್ನ ಮೇಲೆ ಮಲಗಿ, ಪಾದಗಳು ಹರಿವು ಹೋಗುವ ದಿಕ್ಕಿಗೆ ಚಾಚಿರಲಿ, ಬೆರಳು ನೀರಿನ ಮೇಲೆ ಕಾಣುತ್ತಿರಲಿ. ಕೈಯಿಂದ ಓರೆಯಾಗಿ ಈಜುತ್ತಾ ದಡದ ಕಡೆ ಸರಿಯಿರಿ. ಹರಿವಿಗೆ ಎದುರಾಗಿ ಈಜಿದರೆ ಶಕ್ತಿ ಬಸಿದುಹೋಗುತ್ತದೆ.

ಮುಂದೆ ಅಡ್ಡ ಬಿದ್ದ ಮರ ಅಥವಾ ಬೇಲಿ ಬಂದರೆ ಮಾತ್ರ ಕ್ರಮ ಬದಲಾಗುತ್ತದೆ. ನೀರು ಕೊಂಬೆಗಳ ನಡುವೆ ನುಸುಳಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ತಪ್ಪಿಸಿಕೊಳ್ಳಲು ಆಗದಿದ್ದರೆ ಬೋರಲಾಗಿ, ತಲೆ ಮುಂದಾಗಿ ಅದರ ಕಡೆಗೆ ಜೋರಾಗಿ ಈಜಿ, ಮೇಲಿನ ಕೊಂಬೆ ಹಿಡಿದು ಹತ್ತಿಬಿಡಿ.

ಗಾಡಿ ನೀರಿನಲ್ಲಿ ಸಿಕ್ಕಿಕೊಂಡರೆ

ಆಳವಿಲ್ಲದ ನಿಂತ ನೀರಿನಲ್ಲಿ ಎಂಜಿನ್ ಆರಿಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಅದುಮಲು ಆಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಏರುವ ಮೊದಲೇ ಇಳಿದು ಬಂದ ದಾರಿಯಲ್ಲೇ ಎತ್ತರಕ್ಕೆ ಹೋಗಿ. ಸುತ್ತ ರಭಸದಿಂದ ಹರಿಯುತ್ತಿದ್ದು ಕಾರು ನೆಲದ ಮೇಲೆ ಗಟ್ಟಿಯಾಗಿ ನಿಂತಿದ್ದರೆ ಕಿಟಕಿಗಳನ್ನು ಇಳಿಸಿ, ಬೆಲ್ಟ್ ಬಿಚ್ಚಿ, ಒಳಗೇ ಇದ್ದು ಸಹಾಯಕ್ಕೆ ಕರೆ ಮಾಡಿ. ಒಳಗೆ ನೀರು ಏರತೊಡಗಿದರೆ ಕಿಟಕಿಯಿಂದ ಕಾರಿನ ಚಾವಣಿಯ ಮೇಲೆ ಹತ್ತಿ.

ಕಾರು ಆಳದ ನೀರಿಗೆ ಬಿದ್ದು ತೇಲುತ್ತಿದ್ದರೆ ಕ್ರಮವೇ ಬೇರೆ, ಅಲ್ಲಿ ಫೋನ್‌ಗೆ ಸಮಯವಿಲ್ಲ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ನಿಜವಾದ ವಾಹನಗಳನ್ನು ನೀರಿಗಿಳಿಸಿ ಪರೀಕ್ಷಿಸಿದವರು. ಹೆಚ್ಚಿನ ವಾಹನಗಳು ತೇಲುವುದು ಅರ್ಧ ನಿಮಿಷದಿಂದ ಎರಡು ನಿಮಿಷ, ಹೊರಬರಬೇಕಾದದ್ದು ಮೊದಲ ಒಂದು ನಿಮಿಷದೊಳಗೆ ಎಂಬುದು ಅವರ ಮಾತಿನ ಸಾರ. ಕ್ರಮ ಹೀಗೆ: ಬೆಲ್ಟ್ ಬಿಚ್ಚಿ, ಕಿಟಕಿ ತೆರೆಯಿರಿ, ಮಕ್ಕಳನ್ನು ಬಿಡಿಸಿ ಮೊದಲು ಹೊರಗೆ ದಾಟಿಸಿ, ನೀವು ಹಿಂದೆಯೇ ಹೊರಬನ್ನಿ. ಮಕ್ಕಳಲ್ಲಿ ದೊಡ್ಡವರಿಂದ ಶುರುಮಾಡಿ, ಅವರು ತಾವಾಗಿ ಹೊರಬರಲು ಸಮರ್ಥರು. ಆಮೇಲೆ ಕೂಸನ್ನು ನಿಮ್ಮ ಕೈಯಲ್ಲೇ ಎತ್ತಿಕೊಳ್ಳಬಹುದು.

ಬಾಗಿಲು ತೆರೆಯಬೇಡಿ. ತೆರೆದರೆ ನೀರು ಒಮ್ಮೆಲೇ ನುಗ್ಗಿ ಕಾರು ಕ್ಷಣಗಳಲ್ಲಿ ಮುಳುಗುತ್ತದೆ. ನೀರು ಕಿಟಕಿಯ ಅಂಚು ದಾಟುವ ಮುನ್ನ ಗಾಜು ಇಳಿಸಬೇಕು, ದಾಟಿದ ಮೇಲೆ ಒತ್ತಡಕ್ಕೆ ಗಾಜು ಸಿಕ್ಕಿಕೊಳ್ಳುತ್ತದೆ. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಗಾಜಿನ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದು ಬಿರುಕು ಬಿಡುತ್ತದೆಯೇ ಹೊರತು ದಾರಿ ಕೊಡುವುದಿಲ್ಲ. ಈಗ ಕೆಲವು ಕಾರುಗಳ ಪಕ್ಕದ ಗಾಜೂ ಹಾಗೆಯೇ ಬರುತ್ತಿದೆ. ನಿಮ್ಮ ಕಾರಿನದು ಯಾವ ಬಗೆ ಎಂದು ಗಾಜಿನ ಮೂಲೆಯಲ್ಲಿರುವ ಮುದ್ರೆ ನೋಡಿ ಇಂದೇ ತಿಳಿದುಕೊಳ್ಳಿ.

ಬೇರೆಯವರು ಸಿಕ್ಕಿಕೊಂಡಿದ್ದರೆ

ನೋಡಿಕೊಂಡು ನಿಲ್ಲುವುದು ಕಷ್ಟ, ಗೊತ್ತು. ಆದರೂ ತರಬೇತಿಯಿಲ್ಲದೆ ಧುಮುಕಿದರೆ ರಕ್ಷಿಸಬೇಕಾದವರು ಇಬ್ಬರಾಗುತ್ತಾರೆ. ತುರ್ತು ಸಂಖ್ಯೆಗೆ ಕರೆ ಮಾಡಿ, ಜಾಗವನ್ನು ಸ್ಪಷ್ಟವಾಗಿ ಹೇಳಿ. ದಡದಲ್ಲೇ ಮಲಗಿ ಕೋಲು ಚಾಚಿ. ಅದು ತಲುಪದಿದ್ದರೆ ಖಾಲಿ ಕ್ಯಾನು, ಟ್ಯೂಬು, ಹಗ್ಗ ಎಸೆಯಿರಿ. ಇನ್ನೊಬ್ಬರು ಹರಿವಿನ ಕೆಳಭಾಗದಲ್ಲಿ ಹಗ್ಗದೊಂದಿಗೆ ಸಿದ್ಧರಾಗಿ ನಿಲ್ಲಲಿ. ಸಿಕ್ಕಿಕೊಂಡವರ ಹೆಸರು ಕೇಳಿ, ಅವರೊಂದಿಗೆ ಮಾತನಾಡುತ್ತಲೇ ಇರಿ.

ನೀರಿನಿಂದ ಹೊರಬಂದ ಮೇಲೆ

ನೀರಿನಲ್ಲಿ ಮುಳುಗಿದ್ದ ಗಾಡಿಯನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ. ವಿದ್ಯುತ್ ಚಾಲಿತ ವಾಹನವಾಗಿದ್ದರೆ ಮನೆಗೂ ಬೇರೆ ಗಾಡಿಗಳಿಗೂ ದೂರವಾಗಿ ಬಯಲಿನಲ್ಲಿ ನಿಲ್ಲಿಸಿ. ನೀರು ಹೊಕ್ಕ ಲಿಥಿಯಂ ಬ್ಯಾಟರಿ, ಅದರಲ್ಲೂ ಉಪ್ಪುನೀರು ಹೊಕ್ಕದ್ದು, ದಿನಗಳ ನಂತರವೂ ಹೊತ್ತಿಕೊಳ್ಳಬಹುದು.

ಮೈಯನ್ನು ಸೋಪು ಹಾಕಿ ಶುದ್ಧ ನೀರಿನಲ್ಲಿ ತೊಳೆಯಿರಿ. ನೆರೆನೀರಿನಲ್ಲಿ ಕಕ್ಕಸಿನ ನೀರೂ ಸತ್ತ ಪ್ರಾಣಿಗಳೂ ಇಲಿಯ ಮೂತ್ರವೂ ಬೆರೆತಿರುತ್ತವೆ. ಕಾಲಿನ ಗಾಯ ಚಿಕ್ಕದಾದರೂ ವೈದ್ಯರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ಇಲಿಜ್ವರದ ರೋಗಾಣು ಸೀಳಿದ ಚರ್ಮದಿಂದ, ಕಣ್ಣು ಬಾಯಿಗಳಿಂದ ಒಳಹೋಗುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಎರಡು ದಿನದಿಂದ ಒಂದು ತಿಂಗಳವರೆಗೂ ಆಗಬಹುದು. ಅಷ್ಟರಲ್ಲಿ ರಸ್ತೆ ಒಣಗಿರುತ್ತದೆ, ನೀರಿಗಿಳಿದದ್ದು ನಿಮಗೇ ಮರೆತಿರುತ್ತದೆ. ಮೀನಖಂಡದಲ್ಲಿ ನೋವು, ಕೆಂಪು ಕಣ್ಣು, ತಲೆನೋವಿನೊಂದಿಗೆ ಜ್ವರ ಬಂದರೆ ಆಸ್ಪತ್ರೆಯಲ್ಲಿ ಮೊದಲ ಮಾತಾಗಿ ಹೇಳಿ: "ಇಂತಿಷ್ಟು ದಿನಗಳ ಹಿಂದೆ ನೆರೆನೀರಿನಲ್ಲಿ ನಡೆದಿದ್ದೆ." ನೀವು ಹೇಳದೆ ಅದು ವೈದ್ಯರಿಗೆ ತಿಳಿಯುವುದಿಲ್ಲ.